‘300’ ಮತ್ತೆ ನೋಡಿದೆ. ಇದನ್ನು ಹೇಗೆ ನೋಡಬೇಕು ಅಂತ ಯಾರಾದ್ರೂ ಹೇಳಿ

ಕೊನೇ ಸಾಲಿನ ಪ್ರೇಕ್ಷಕ:

ಕಾಲೇಜಿಗೆ ಹೋಗುವ ಅಕ್ಕನ ಮಗ ನಿನ್ನೆ ಮನೆಗೆ ಬಂದಿದ್ದ. ಅವನು ‘300’ ಸಿನಿಮಾ ನೋಡಿರಲಿಲ್ಲ. (ಗೊತ್ತಿಲ್ಲದವರಿಗೆ: ಗ್ರೀಸಿನ ಸ್ಪಾರ್ಟಾ ಊರಿನ ರಾಜ ಲಿಯೊನಿಡಾಸ್ 300 ಜನರನ್ನು ಕಟ್ಟಿಕೊಂಡು ಪರ್ಷಿಯಾ, ಅಂದರೆ ಈಗಿನ ಇರಾನ್‌ನ ದೊರೆ ಕ್ಸೆರ್ಕ್ಸಿಸ್‌ನ ದೊಡ್ಡ ಸೈನ್ಯಕ್ಕೆ ಎದುರು ನಿಂತ ಕಥೆ.) ಲಿಯೊನಿಡಾಸ್ ಪರ್ಷಿಯಾದ ದೂತನನ್ನು ಬಾವಿಗೆ ಒದೆಯುವ ದೃಶ್ಯದ ಮೀಮ್ ಮಾತ್ರ ಗೊತ್ತು. ಸರಿ, ಹಾಕೇ ಬಿಡೋಣ ಅಂತ ಹಾಕಿದೆ. 2007ರಲ್ಲಿ ಈ ಸಿನಿಮಾ ಬಂದಾಗ ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ.

ಹುಡುಗ ಮೊದಲು ಬಾಯಿ ಬಿಟ್ಕೊಂಡು ನೋಡಿದ. ಆಮೇಲೆ ಪ್ರಶ್ನೆ ಶುರು. “ಮಾಮ, ಇವರು ಯುದ್ಧಕ್ಕೆ ಚಡ್ಡೀಲೇ ಹೋಗ್ತಿದ್ರಾ?” “ಎದುರಾಳಿಗಳೆಲ್ಲ ಯಾಕೆ ರಾಕ್ಷಸರ ಥರ ಇದ್ದಾರೆ?” “ಸ್ವಾತಂತ್ರ್ಯ, ಸ್ವಾತಂತ್ರ್ಯ ಅಂತ ಕೂಗ್ತಾರಲ್ಲ, ಇವರ ಹೊಲದಲ್ಲಿ ದುಡಿಯೋರು ಯಾರು?” ಮೂರನೇ ಪ್ರಶ್ನೆಗೆ ನಾನು ಕಾಫಿ ಮಾಡೋ ನೆಪದಲ್ಲಿ ಎದ್ದು ಹೋದೆ.

ಸಿನಿಮಾ ನನಗೆ ಈಗಲೂ ಇಷ್ಟ. ಆದರೆ ಆ ಪ್ರಶ್ನೆಗಳು ತಲೆಯಲ್ಲಿ ಕೂತಿವೆ. ನೀವೇನಂತೀರಿ? ಕಥೆ ಗೊತ್ತಿಲ್ಲದವರು ಮುಂದೆ ಓದಬೇಡಿ ಅಂತ ಹೇಳಬೇಕಿತ್ತು. ಆದರೆ ಸುಮಾರು 2500 ವರ್ಷ ಹಳೆಯ ಯುದ್ಧಕ್ಕೆ ‘ಕ್ಲೈಮ್ಯಾಕ್ಸ್ ಹೇಳಬೇಡಿ’ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು.

ಎಡಿಟಿಂಗ್ ಟೇಬಲ್:

ಇದನ್ನು ಯುದ್ಧದ ಸಿನಿಮಾ ಅಂತ ನೋಡೋದೇ ಬೇಡ. ಇದು ಓಡಾಡುವ ಕಾಮಿಕ್ಸ್. ಫ್ರ್ಯಾಂಕ್ ಮಿಲ್ಲರ್ 1998ರಲ್ಲಿ ಮಾಡಿದ ಕಾಮಿಕ್ಸ್, ಅದಕ್ಕೆ ಬಣ್ಣ ಹಾಕಿದವರು ಲಿನ್ ವಾರ್ಲಿ. ನಿರ್ದೇಶಕ ಜ್ಯಾಕ್ ಸ್ನೈಡರ್ ಎಷ್ಟೋ ಕಡೆ ಆ ಚಿತ್ರಗಳನ್ನೇ ಫ್ರೇಮಿಗೆ ಫ್ರೇಮ್ ಇಟ್ಟಿದ್ದಾರೆ.

ಶೂಟಿಂಗ್ ಆಗಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಹೆಚ್ಚುಕಮ್ಮಿ ಪೂರ್ತಿ ಸ್ಟುಡಿಯೊ ಒಳಗೆ, ನೀಲಿ ಪರದೆ ಮುಂದೆ. ಬಯಲಲ್ಲಿ ತೆಗೆದದ್ದು ಕುದುರೆ ಸವಾರರು ಬರುವ ದೃಶ್ಯ ಮಾತ್ರ. ಆಕಾಶ, ಬೆಟ್ಟ, ಸಮುದ್ರ ಎಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಕೂರಿಸಿದ್ದು. ಗ್ರಾಫಿಕ್ಸ್ ಇರೋ ಶಾಟ್‌ಗಳೇ ಸುಮಾರು 1300. ಕಪ್ಪನ್ನು ಇನ್ನೂ ಕಪ್ಪು ಮಾಡಿ, ಉಳಿದ ಬಣ್ಣ ಹಿಂಡಿ ತೆಗೆದು, ಕೆಂಪು ಮೇಲುವಸ್ತ್ರ ಒಂದನ್ನೇ ಎದ್ದು ಕಾಣೋ ಹಾಗೆ ಬಿಟ್ಟಿದ್ದಾರೆ.

ಒಂದೇ ಒಂದು ಶಾಟ್ ಬಗ್ಗೆ ಹೇಳ್ತೀನಿ. ಮೊದಲ ದಿನದ ಯುದ್ಧದಲ್ಲಿ ಲಿಯೊನಿಡಾಸ್ ಸಾಲು ಬಿಟ್ಟು ಮುಂದೆ ನುಗ್ಗುತ್ತಾನಲ್ಲ, ಅದು. ಕ್ಯಾಮೆರಾ ಪಕ್ಕದಲ್ಲೇ ಜೊತೆಗೆ ಹೋಗುತ್ತೆ. ನಡುವೆ ಒಂದು ‘ಕಟ್’ ಕೂಡ ಇಲ್ಲ. ಈಟಿ ಒಬ್ಬನಿಗೆ ಚುಚ್ಚುವಾಗ ಎಲ್ಲ ನಿಧಾನ. ಈಟಿ ಹೊರಗೆಳೆದು ಮುಂದಿನವನ ಕಡೆ ತಿರುಗುವಾಗ ದಡಕ್ಕನೆ ವೇಗ. ಗುರಾಣಿಯಿಂದ ಒಂದು ಏಟು, ಮತ್ತೆ ನಿಧಾನ. ಈಟಿ ಎಸೆದು ಕತ್ತಿ ಹಿರಿಯುತ್ತಾನೆ, ಮತ್ತೆ ವೇಗ. ಮೂರು ಕ್ಯಾಮೆರಾ ಅಕ್ಕಪಕ್ಕ ಜೋಡಿಸಿ, ಮೂರಕ್ಕೂ ಬೇರೆ ಬೇರೆ ಲೆನ್ಸ್ ಹಾಕಿ ತೆಗೆದದ್ದು. ಎಡಿಟಿಂಗ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರಿಸುತ್ತಾರೆ. ಅದಕ್ಕೇ ದೂರದಿಂದ ಗಬಕ್ಕನೆ ಹತ್ತಿರ ಬಂದ ಹಾಗೆ ಕಾಣುತ್ತೆ. ಯಾರು ಯಾರನ್ನು ಎಲ್ಲಿ ಹೊಡೆದರು ಅಂತ ಪೂರ್ತಿ ಕಾಣುತ್ತೆ ಅನ್ನೋದು ಮುಖ್ಯ. ಆ ಕಾಲದ ಬೇರೆ ಆಕ್ಷನ್ ಸಿನಿಮಾಗಳಲ್ಲಿ ಕ್ಯಾಮೆರಾ ಅಲ್ಲಾಡಿಸಿ ಅಲ್ಲಾಡಿಸಿ ಏನೂ ಕಾಣಿಸ್ತಾನೇ ಇರಲಿಲ್ಲ.

ಆಮೇಲೆ ಇದನ್ನೇ ಎಲ್ಲರೂ ಕಾಪಿ ಹೊಡೆದು ಸವೆಸಿದರು. ನಮ್ಮ ಕಡೆಯವರಂತೂ ಹೀರೊ ಬೈಕ್ ಸ್ಟ್ಯಾಂಡ್ ಹಾಕೋದಕ್ಕೂ ಸ್ಲೋ ಮೋಷನ್ ಇಟ್ಟರು.

ಬೆಳಗಿನ ಶೋ:

ಗುರು, 65 ಮಿಲಿಯನ್ ಡಾಲರ್ ಬಜೆಟ್, ಮೊದಲ ವಾರಾಂತ್ಯಕ್ಕೇ 70 ಮಿಲಿಯನ್ ವಸೂಲಿ. ಅದೂ ಮಾರ್ಚ್ ತಿಂಗಳಲ್ಲಿ, ದೊಡ್ಡ ಸ್ಟಾರ್ ಇಲ್ಲದೆ. ಜೆರಾರ್ಡ್ ಬಟ್ಲರ್ ಆಗ ಅಂಥಾ ಹೆಸರೇನಲ್ಲ. ಮೈಕೆಲ್ ಫಾಸ್‌ಬೆಂಡರ್‌ಗೆ ಇದು ಮೊದಲ ಸಿನಿಮಾ. ಒಟ್ಟು ಗಳಿಕೆ 450 ಮಿಲಿಯನ್ ದಾಟಿತು. ಜನಕ್ಕೆ ಬೇಕಿದ್ದು ಸಿಕ್ಕಿತು, ಮುಗೀತು. ಚಡ್ಡಿ ಯಾಕೆ ಅಂತ ಕೇಳೋರು ಡಾಕ್ಯುಮೆಂಟರಿ ನೋಡಲಿ.

ಜಿಮ್ ಮಾವ:

ಆ ಸಿಕ್ಸ್ ಪ್ಯಾಕ್ ಎಲ್ಲ ಗ್ರಾಫಿಕ್ಸ್ ಅಂತ ಹೇಳೋರಿಗೆ: ಅಲ್ಲ. ಮಾರ್ಕ್ ಟ್ವೈಟ್ ಅನ್ನೋ ಪರ್ವತಾರೋಹಿ ತಿಂಗಳುಗಟ್ಟಲೆ ಬೆವರು ಇಳಿಸಿದ್ದಾನೆ. ಕೊನೆಗೆ ಪರೀಕ್ಷೆ ಅಂತ ಒಟ್ಟು 300 ಸಲ ಎತ್ತೋದು, ಇಳಿಸೋದು, ಜಿಗಿಯೋದು. ಸಿನಿಮಾ ಬಂದ ಮೇಲೆ ನಮ್ಮ ಜಿಮ್‌ಗೆ ಬಂದ ಹುಡುಗರೆಲ್ಲ ‘ಅಣ್ಣ, 300 ಮಾಡ್ಸಿ’ ಅಂತಿದ್ರು. ಹದಿನೈದಕ್ಕೇ ಕೂತು ನೀರು ಕೇಳ್ತಿದ್ರು. ಮೇಕಪ್ ಮತ್ತೆ ಲೈಟಿಂಗ್ ಸಹಾಯ ಇದ್ದೇ ಇದೆ, ಅದು ಬೇರೆ ಮಾತು.

ಹೆರೊಡೋಟಸ್ ಅಭಿಮಾನಿ:

ಚಡ್ಡಿ ಪ್ರಶ್ನೆಗೆ ಉತ್ತರ ನಾನು ಕೊಡ್ತೀನಿ. ಗ್ರೀಕ್ ಕಾಲಾಳು ಎದೆಗೆ ಕಂಚಿನ ಕವಚವನ್ನೋ ಪದರ ಪದರ ನಾರುಬಟ್ಟೆಯ ಕವಚವನ್ನೋ ಹಾಕುತ್ತಿದ್ದ. ತಲೆಗೆ ಕಂಚಿನ ಶಿರಸ್ತ್ರಾಣ, ಮೊಣಕಾಲ ಕೆಳಗೆ ಕಂಚಿನ ಪಟ್ಟಿ. ಗುರಾಣಿ ಸುಮಾರು 90 ಸೆಂಟಿಮೀಟರ್ ಅಗಲ, ಮರದ್ದು, ಮೇಲೆ ಕಂಚು. ಅದು ಹಿಡಿದವನ ಎಡಭಾಗ ಕಾಯುತ್ತೆ, ಜೊತೆಗೆ ಎಡಗಡೆ ನಿಂತವನ ಬಲಭಾಗವನ್ನೂ ಕಾಯುತ್ತೆ. ಸಾಲು ಬಿಟ್ಟರೆ ಕಥೆ ಮುಗೀತು. ತಮಾಷೆ ಅಂದರೆ ಸಿನಿಮಾದಲ್ಲಿ ಲಿಯೊನಿಡಾಸ್ ಇದನ್ನೇ ಬೆನ್ನು ಬಗ್ಗಿದ ಎಫಿಯಾಲ್ಟಿಸ್‌ಗೆ ಪಾಠ ಮಾಡಿ, ‘ನಿನಗೆ ಗುರಾಣಿ ಎತ್ತೋಕೆ ಆಗಲ್ಲ’ ಅಂತ ವಾಪಸ್ ಕಳಿಸುತ್ತಾನೆ. ಆಮೇಲೆ ಮೇಲೆ ಹೇಳಿದ ಆ ಫೇಮಸ್ ಶಾಟಿನಲ್ಲಿ ಸಾಲು ಬಿಟ್ಟು ಓಡೋನು ಅವನೇ.

ಚಡ್ಡಿಯನ್ನು ನಾನು ಕ್ಷಮಿಸ್ತೀನಿ. ಗ್ರೀಕರೇ ತಮ್ಮ ಮಡಕೆಗಳ ಮೇಲೆ, ಶಿಲ್ಪದಲ್ಲಿ ವೀರರನ್ನು ಬೆತ್ತಲೆಯಾಗಿ ತೋರಿಸಿದ್ದಾರೆ. ನಾನು ಕ್ಷಮಿಸಲಾರದ್ದು ಥೆಸ್ಪಿಯೆ ಊರಿನವರ ವಿಷಯ.

ಕ್ರಿ.ಪೂ. 480ರಲ್ಲಿ ಥರ್ಮೊಪಿಲೆ ಕಣಿವೆಗೆ ಬಂದ ಗ್ರೀಕರು 300 ಅಲ್ಲ, ಸುಮಾರು 7000. ಸುತ್ತುದಾರಿ ಶತ್ರುವಿಗೆ ಸಿಕ್ಕಿತು ಅಂತ ಗೊತ್ತಾದ ಮೇಲೆ ಹೆಚ್ಚಿನವರು ಹೊರಟರು. ಉಳಿದವರು 300 ಸ್ಪಾರ್ಟನ್ನರು, 700 ಥೆಸ್ಪಿಯನ್ನರು, 400 ಥೀಬನ್ನರು. ಥೀಬನ್ನರು ಕೊನೆಗೆ ಶರಣಾದರು ಅಂತ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೀತಾನೆ. ಥೆಸ್ಪಿಯೆಯವರು ಶರಣಾಗಲಿಲ್ಲ. ಅವರಿಗೆ ಸ್ಪಾರ್ಟಾದವರ ಹಾಗೆ ಸೈನಿಕ ಶಾಲೆ ಇಲ್ಲ, ಏಳನೇ ವಯಸ್ಸಿನಿಂದ ತರಬೇತಿ ಇಲ್ಲ. ಅದೊಂದು ಸಣ್ಣ ಊರು. 700 ಗಂಡಸರು ನಿಂತು ಸತ್ತರು. ಆಮೇಲೆ ಕ್ಸೆರ್ಕ್ಸಿಸ್ ಆ ಊರಿಗೂ ಬೆಂಕಿ ಇಟ್ಟ.

ಸಿನಿಮಾದಲ್ಲಿ ಆರ್ಕೇಡಿಯಾ ಅನ್ನೋ ಇನ್ನೊಂದು ಗ್ರೀಕ್ ನಾಡಿನವರನ್ನು ನಿಲ್ಲಿಸಿ ‘ನಿನ್ನ ಕಸುಬೇನು?’ ಅಂತ ಕೇಳೋ ದೃಶ್ಯ ಇದೆಯಲ್ಲ. ಒಬ್ಬ ಕುಂಬಾರ, ಒಬ್ಬ ಶಿಲ್ಪಿ, ಒಬ್ಬ ಕಮ್ಮಾರ. ನೋಡಿ, ನಾನೇ ಜಾಸ್ತಿ ಸೈನಿಕರನ್ನು ತಂದಿದ್ದೀನಿ ಅಂತ ರಾಜ ನಗುತ್ತಾನೆ. ಥಿಯೇಟರಿನಲ್ಲಿ ಚಪ್ಪಾಳೆ. ಅಂಥ ಸಾಮಾನ್ಯ ಗಂಡಸರೇ ಕೊನೇ ದಿನ ಸ್ಪಾರ್ಟನ್ನರಿಗಿಂತ ಎರಡು ಪಟ್ಟು ಜಾಸ್ತಿ ಇದ್ದರು. ಅವರ ಹೆಸರು ಸಿನಿಮಾದಲ್ಲಿ ಬರೋದೇ ಇಲ್ಲ.

ಚೌಕಿ ಬಾಗಿಲು:

ಮಾರಾಯ್ರೆ, ಇಷ್ಟು ಲೆಕ್ಕ ಹಾಕಿದರೆ ಯಾವ ಪ್ರಸಂಗವೂ ಉಳಿಯುವುದಿಲ್ಲ. ನಾನು ಇದನ್ನು ನೋಡುವುದು ಯಕ್ಷಗಾನ ನೋಡುವ ಕಣ್ಣಿನಲ್ಲೇ. ಕ್ಸೆರ್ಕ್ಸಿಸ್ ಅಷ್ಟೆತ್ತರದ ಸಿಂಹಾಸನದ ಮೇಲೆ ಕೂತು, ಗುಲಾಮರ ಬೆನ್ನು ಮೆಟ್ಟಿಕೊಂಡು ಇಳಿದು ಬರುತ್ತಾನಲ್ಲ, ಅದು ಒಡ್ಡೋಲಗವೇ. ಮೊಗವಾಡ ಹಾಕಿದ, ಪರ್ಷಿಯಾದ ಆ ಅಮರ ಪಡೆ ಬಣ್ಣದ ವೇಷ. ಬಣ್ಣದ ವೇಷಕ್ಕೆ ಚುಟ್ಟಿ ಇಟ್ಟದ್ದನ್ನು ನೋಡಿ ‘ರಾಕ್ಷಸರ ಮುಖದಲ್ಲಿ ನಿಜವಾಗಿ ಅಕ್ಕಿಹಿಟ್ಟು ಇತ್ತೋ’ ಅಂತ ಯಾರಾದರೂ ಕೇಳುತ್ತಾರೋ?

ಇನ್ನೊಂದು. ಕಥೆ ಹೇಳುವವ ಯಾರು ಅಂತ ಗಮನಿಸಿದಿರೋ? ಡಿಲಿಯೊಸ್. ಒಂದು ಕಣ್ಣು ಕಳಕೊಂಡು ವಾಪಸ್ ಬಂದವ. ಮರುವರ್ಷದ ಪ್ಲಾಟಿಯಾ ಯುದ್ಧದ ಮುಂಚೆ ಸೈನಿಕರನ್ನು ಕೂರಿಸಿಕೊಂಡು ಅವ ಹೇಳುವ ಕಥೆಯೇ ಇಡೀ ಸಿನಿಮಾ. ಭಾಗವತರು ಪದ ಹೇಳಿದ ಹಾಗೆ. ನಾಳೆ ಸಾಯಲಿಕ್ಕೆ ಹೊರಟವರಿಗೆ ಧೈರ್ಯ ತುಂಬುವವ ಎದುರಾಳಿಯನ್ನು ಕುಳ್ಳ ಮಾಡಿ ತೋರಿಸುತ್ತಾನೋ? ಎಂಟಡಿ ಮಾಡುತ್ತಾನೆ. ಆನೆಯನ್ನು ಬೆಟ್ಟದಷ್ಟು ಮಾಡುತ್ತಾನೆ. ಘೇಂಡಾಮೃಗ ತರುತ್ತಾನೆ. ಅಷ್ಟೇ ಸಂಗತಿ.

ಬೆಳಗಿನ ಶೋ:

ಚೌಕಿ ಅಣ್ಣನಿಗೆ ನನ್ನ ವೋಟು.

ಬರ್ಲಿನ್ ಕನ್ನಡತಿ:

ಚೌಕಿ ಅವರೇ, ನಿಮ್ಮ ಮಾತು ತುಂಬ ಚೆನ್ನಾಗಿದೆ. ಆದರೆ ಒಂದು ತೊಡಕಿದೆ. ಬಣ್ಣದ ವೇಷದ ರಾಕ್ಷಸನ ಮೊಮ್ಮಕ್ಕಳು ಯಾರೂ ಇವತ್ತು ನನ್ನ ಪಕ್ಕದ ಟೇಬಲ್‌ನಲ್ಲಿ ಕೂತು ಕೆಲಸ ಮಾಡಲ್ಲ. ಪರ್ಷಿಯನ್ನರ ಮೊಮ್ಮಕ್ಕಳು ಮಾಡ್ತಾರೆ.

ನನ್ನ ಜೊತೆ ಕೆಲಸ ಮಾಡುವ ಇರಾನಿ ಗೆಳತಿಯ ಹತ್ತಿರ ಒಮ್ಮೆ ಈ ಸಿನಿಮಾ ಹೆಸರು ಎತ್ತಿದೆ. ಅವಳು ಸಿಟ್ಟಾಗಲಿಲ್ಲ. ಫೋನ್ ತೆಗೆದು ಹಳೇ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್‌ನ ಗೋಡೆಯ ಕೆತ್ತನೆ ತೋರಿಸಿದಳು. ರಾಜ ಕೂತಿದ್ದಾನೆ, ಉದ್ದ ಗಡ್ಡ, ಗುಂಗುರು ಗುಂಗುರಾಗಿ ಜೋಡಿಸಿದ್ದು. ಮೈತುಂಬ ನೆರಿಗೆ ನೆರಿಗೆ ನಿಲುವಂಗಿ. ಸುತ್ತ ಬೇರೆ ಬೇರೆ ದೇಶದವರು ಕಾಣಿಕೆ ಹಿಡಿದು ಸಾಲಾಗಿ ಬರ್ತಿದ್ದಾರೆ. ಯಾರಿಗೂ ಸರಪಳಿ ಇಲ್ಲ, ಕೆಲವರು ಒಬ್ಬರ ಕೈ ಒಬ್ಬರು ಹಿಡಿದಿದ್ದಾರೆ. ಆಮೇಲೆ ಸೂಸಾ ಅರಮನೆಯ ಬಣ್ಣದ ಇಟ್ಟಿಗೆಯ ಬಿಲ್ಲುಗಾರರು. ಅವು ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿವೆ. ಹಳದಿ, ಹಸಿರು, ಕಂದು, ಬಟ್ಟೆ ಮೇಲೆ ಹೂವಿನ ಚಿತ್ತಾರ. “ನಿನ್ನ ಸಿನಿಮಾದಲ್ಲಿ ಬಟ್ಟೆ ಇಲ್ಲದೆ ಓಡಾಡೋರು ನಾಗರಿಕರು, ಇವರು ರಾಕ್ಷಸರು” ಅಂದಳು. ನಾನು ಏನು ಹೇಳಲಿ?

ಇರಾನ್‌ನಲ್ಲಿ ಆಗ ದೊಡ್ಡ ಗಲಾಟೆಯೇ ಆಯ್ತು. ಅಲ್ಲಿನ ಕಲಾ ಅಕಾಡೆಮಿ ಯುನೆಸ್ಕೊಗೆ ದೂರು ಕೊಟ್ಟಿತು. ಸರ್ಕಾರ ಬೈದದ್ದು ಬಿಡಿ, ಅದು ಎಲ್ಲಕ್ಕೂ ಬೈಯುತ್ತೆ. ಸರ್ಕಾರವನ್ನು ಕಂಡರಾಗದ, ವಿದೇಶದಲ್ಲಿರುವ ಇರಾನಿಗಳೂ ಬೈದರು ಅನ್ನೋದು ನೋಡಬೇಕಾದ್ದು. 2007 ಅಂದರೆ ಅಮೆರಿಕದ ಸೈನ್ಯ ಇರಾಕಿನಲ್ಲಿತ್ತು, ಮುಂದೆ ಇರಾನ್ ಮೇಲೆ ಯುದ್ಧ ಆಗುತ್ತಾ ಅಂತ ದಿನಾ ಪೇಪರಿನಲ್ಲಿ ಬರ್ತಿತ್ತು. ಆ ಹೊತ್ತಿಗೆ ಈ ಕಥೆ. ಇಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಫೆಬ್ರವರಿಯಲ್ಲಿ ತೋರಿಸಿದಾಗ ಪತ್ರಕರ್ತರ ಶೋನಲ್ಲಿ ಕೆಲವರು ಕೂಗಿದರು, ಎದ್ದು ಹೋದರು. ಸಾಮಾನ್ಯ ಪ್ರೇಕ್ಷಕರ ಶೋನಲ್ಲಿ ಚಪ್ಪಾಳೆ. ಒಂದೇ ಊರು, ಒಂದೇ ಸಿನಿಮಾ.

ಹೆರೊಡೋಟಸ್ ಅಭಿಮಾನಿ:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ಬಾವಿಗೆ ಒದೆಯುವ ದೃಶ್ಯ. ಅದು ಪೂರ್ತಿ ಸುಳ್ಳಲ್ಲ. ಶರಣಾದ ಗುರುತಿಗೆ ಮಣ್ಣು ಮತ್ತು ನೀರು ಕೊಡಿ ಅಂತ ಕೇಳಲು ಬಂದ ದೂತರನ್ನು ಸ್ಪಾರ್ಟನ್ನರು ನಿಜವಾಗಿ ಬಾವಿಗೆ ನೂಕಿದ್ದರು. ‘ಬೇಕಾದ್ದು ಅಲ್ಲೇ ಇದೆ, ತಗೋ’ ಅನ್ನೋ ರೀತಿ. ಆದರೆ ಆ ದೂತರು ಕ್ಸೆರ್ಕ್ಸಿಸ್ ಕಳಿಸಿದವರಲ್ಲ, ಅವನ ಅಪ್ಪ ಡೇರಿಯಸ್ ಕಳಿಸಿದವರು.

ಮುಂದಿನ ಭಾಗ ಸಿನಿಮಾದಲ್ಲಿಲ್ಲ. ದೂತರನ್ನು ಕೊಂದದ್ದು ಮಹಾಪಾಪ ಅಂತ ಸ್ಪಾರ್ಟನ್ನರಿಗೇ ಹೆದರಿಕೆ ಹತ್ತಿತು. ಬಲಿ ಕೊಟ್ಟರೆ ಶಕುನ ಚೆನ್ನಾಗಿ ಬರ್ತಿರಲಿಲ್ಲ. ಕೊನೆಗೆ ಸ್ಪೆರ್ತಿಯಾಸ್, ಬೂಲಿಸ್ ಅಂತ ಇಬ್ಬರು ‘ನಮ್ಮ ಪ್ರಾಣ ತಗೊಂಡು ಲೆಕ್ಕ ಚುಕ್ತಾ ಮಾಡಿಕೊಳ್ಳಿ’ ಅಂತ ತಾವಾಗೇ ಪರ್ಷಿಯಾಕ್ಕೆ ಹೋದರು. ಕ್ಸೆರ್ಕ್ಸಿಸ್ ಅವರನ್ನು ಕೊಲ್ಲಲಿಲ್ಲ. ದೂತರನ್ನು ಕೊಂದು ನೀವು ಎಲ್ಲರ ಕಟ್ಟಳೆ ಮುರಿದಿರಿ, ನಾನು ಹಾಗೆ ಮಾಡಲ್ಲ ಅಂತ ವಾಪಸ್ ಕಳಿಸಿದ. ಇದನ್ನು ಬರೆದ ಹೆರೊಡೋಟಸ್ ಗ್ರೀಕ, ಪರ್ಷಿಯನ್ ಅಲ್ಲ. ಅವನಿಗೆ ಶತ್ರುವಿನ ದೊಡ್ಡತನ ಬರೆಯೋಕೆ ಕೈ ನಡುಗಲಿಲ್ಲ.

ಹಾಗಂತ ಕ್ಸೆರ್ಕ್ಸಿಸ್ ಸಾಧು ಅಂತಲ್ಲ. ಲಿಯೊನಿಡಾಸ್ ಸತ್ತ ಮೇಲೆ ತಲೆ ಕಡಿಸಿ ಕಂಬಕ್ಕೆ ಹಾಕಿಸಿದ ಅಂತಲೂ ಹೆರೊಡೋಟಸ್ ಬರೆದಿದ್ದಾನೆ.

ಕೊನೇ ಸಾಲಿನ ಪ್ರೇಕ್ಷಕ:

ಅಬ್ಬಾ. ಈ ಬಾವಿ ಕಥೆ ಅಕ್ಕನ ಮಗನಿಗೆ ಕಳಿಸಿದೆ. ಆನೆ ಇತ್ತಾ ಅಂತ ಕೇಳ್ತಿದ್ದಾನೆ.

ಹೆರೊಡೋಟಸ್ ಅಭಿಮಾನಿ:

ಹೆರೊಡೋಟಸ್‌ನಲ್ಲಿ ಕ್ಸೆರ್ಕ್ಸಿಸ್ ಸೈನ್ಯದ ಉದ್ದ ಪಟ್ಟಿಯೇ ಇದೆ. ಅದರಲ್ಲಿ ಆನೆ ಇಲ್ಲ. ಒಂಟೆ ಇವೆ. ಗ್ರೀಕರ ಕಡೆಯವರು ಯುದ್ಧದ ಆನೆ ನೋಡಿದ್ದು ಆಮೇಲೆ, ಅಲೆಕ್ಸಾಂಡರ್ ಕಾಲದಲ್ಲಿ, ಕ್ರಿ.ಪೂ. 331ರ ಗೌಗಮೇಲಾದಲ್ಲಿ.

ಆದರೆ ಆ ಪಟ್ಟಿಯಲ್ಲಿ ಭಾರತದವರಿದ್ದಾರೆ! ಸಿಂಧೂ ನದಿ ಕಡೆಯವರು ಆಗ ಪರ್ಷಿಯಾ ಸಾಮ್ರಾಜ್ಯದಲ್ಲಿದ್ದರು. ಹತ್ತಿ ಬಟ್ಟೆ ತೊಟ್ಟಿದ್ದರು, ಬೆತ್ತದ ಬಿಲ್ಲು, ಬೆತ್ತದ ಬಾಣ, ಬಾಣದ ತುದಿಗೆ ಕಬ್ಬಿಣ ಅಂತ ಹೆರೊಡೋಟಸ್ ಬರೆದಿದ್ದಾನೆ. ಮರುವರ್ಷ ಪ್ಲಾಟಿಯಾದಲ್ಲೂ ಅವರಿದ್ದರು. ಅಂದರೆ ನಾವು ಥಿಯೇಟರಿನಲ್ಲಿ ಶಿಳ್ಳೆ ಹೊಡೆದದ್ದು ಯಾವ ಕಡೆಗೆ ಅಂತ ಯೋಚನೆ ಮಾಡಿ.

ಜಿಮ್ ಮಾವ:

ಅಯ್ಯೋ, ನಮ್ಮೋರೇನಾ ಆ ಕಡೆ ಇದ್ದದ್ದು!

ಓದೋ ಹುಚ್ಚಿ:

ಇಷ್ಟು ಹೊತ್ತಾದರೂ ಒಬ್ಬರೂ ಲಿಯೊನಿಡಾಸ್‌ನ ಹೆಂಡತಿ, ರಾಣಿ ಗೋರ್ಗೊ ಬಗ್ಗೆ ಮಾತಾಡಲಿಲ್ಲ. ಗಂಡಸರ ಚರ್ಚೆ ಅಂದರೆ ಇದೇ.

ಲೀನಾ ಹೆಡಿ ಚೆನ್ನಾಗಿ ಮಾಡಿದ್ದಾರೆ. ಆದರೆ ಆ ಪಾತ್ರಕ್ಕೆ ಸಿನಿಮಾ ಏನು ಕೊಟ್ಟಿತು? ಗಂಡನಿಗೆ ಸೈನ್ಯ ಕಳಿಸಿ ಅಂತ ಬೇಡಬೇಕು, ಅದಕ್ಕಾಗಿ ಥೆರಾನ್ ಅನ್ನೋ ದುಷ್ಟನ ಕೈಯಲ್ಲಿ ಮಾನ ಕಳಕೊಳ್ಳಬೇಕು, ಕೊನೆಗೆ ಸಭೆಯಲ್ಲಿ ಅವನನ್ನು ಚುಚ್ಚಬೇಕು. ಆ ದೃಶ್ಯ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಬೇಕೇ ಇರಲಿಲ್ಲ.

ಹೆರೊಡೋಟಸ್‌ನಲ್ಲಿ ಗೋರ್ಗೊ ಕಥೆ ಬೇರೆ. ಡೆಮಾರಾಟಸ್ ಅಂತ ಗಡೀಪಾರಾದ ಸ್ಪಾರ್ಟಾ ರಾಜ ಪರ್ಷಿಯಾ ಆಸ್ಥಾನದಲ್ಲಿದ್ದ. ಯುದ್ಧ ಬರ್ತಿದೆ ಅಂತ ಊರಿಗೆ ತಿಳಿಸಬೇಕು, ದಾರಿಯಲ್ಲಿ ಸಿಕ್ಕಿಬೀಳಬಾರದು. ಬರೆಯೋ ಹಲಗೆಯ ಮೇಣ ಕೆರೆದು, ಮರದ ಮೇಲೆ ಸುದ್ದಿ ಬರೆದು, ಮೇಲೆ ಮತ್ತೆ ಮೇಣ ಮೆತ್ತಿ ಕಳಿಸಿದ. ಸ್ಪಾರ್ಟಾದಲ್ಲಿ ಖಾಲಿ ಹಲಗೆ ನೋಡಿ ಯಾರಿಗೂ ಏನೂ ಅರ್ಥ ಆಗಲಿಲ್ಲ. ಮೇಣ ಕೆರೆದು ನೋಡಿ ಅಂದವಳು ಗೋರ್ಗೊ. ಒಂದು ನಿಮಿಷದ ದೃಶ್ಯ ಸಾಕಿತ್ತು. ಬುದ್ಧಿಯಿಂದ ಗೆದ್ದ ಹೆಂಗಸನ್ನು ಬಿಟ್ಟು, ಮೈ ಕೊಟ್ಟು ಸೋತ ಹೆಂಗಸನ್ನು ಕಟ್ಟಿದರು. ಇದಕ್ಕೆ ‘ಕಥೆ ಹೇಳುವವನ ಉತ್ಪ್ರೇಕ್ಷೆ’ ಅನ್ನೋ ನೆಪ ನಡೆಯಲ್ಲ ಚೌಕಿ ಅವರೇ. ಡಿಲಿಯೊಸ್ ಆಗ ಅಲ್ಲಿರಲೇ ಇಲ್ಲ!

ಎಡಿಟಿಂಗ್ ಟೇಬಲ್:

ಕಾಮಿಕ್ಸ್‌ನಲ್ಲಿ ಗೋರ್ಗೊ ಪಾತ್ರ ತೀರಾ ಚಿಕ್ಕದು. ಸಭೆಯ ರಾಜಕೀಯ ಎಲ್ಲ ಸಿನಿಮಾದವರು ಸೇರಿಸಿದ್ದು. ಹೊಲಿಗೆ ಕಾಣುತ್ತೆ. ಆ ದೃಶ್ಯಗಳು ಬಂದಾಗೆಲ್ಲ ಬಣ್ಣವೂ ಸಪ್ಪೆ, ಲಯವೂ ಸಪ್ಪೆ.

ಚೌಕಿ ಬಾಗಿಲು:

ಮೇಡಂ, ಗೋರ್ಗೊ ವಿಷಯ ಒಪ್ಪಿದೆ. ಪರ್ಷಿಯನ್ನರ ವಿಷಯದಲ್ಲಿ ಅರ್ಧ ಒಪ್ಪಿದೆ. ಆದರೆ ಡಿಲಿಯೊಸ್‌ನನ್ನು ನಾನು ಬಿಡುವುದಿಲ್ಲ. ಕಥೆ ಅವನದ್ದು. ಸುಳ್ಳೂ ಅವನದ್ದೇ.

ಹೆರೊಡೋಟಸ್ ಅಭಿಮಾನಿ:

ಸರಿ, ಹಾಗಾದರೆ ಡಿಲಿಯೊಸ್ ಬಗ್ಗೆಯೇ ಮಾತಾಡೋಣ. ಕಣ್ಣಿನ ತೊಂದರೆಯಿಂದ ಕಣಿವೆಯಿಂದ ವಾಪಸ್ ಬಂದ ಸ್ಪಾರ್ಟನ್ ನಿಜವಾಗಿ ಇದ್ದ. ಹೆಸರು ಅರಿಸ್ಟೊಡೆಮಸ್. ಕಣ್ಣಿನ ಕಾಯಿಲೆ ಅಂತ ಅವನನ್ನೂ ಇನ್ನೊಬ್ಬನನ್ನೂ ಹಿಂದಕ್ಕೆ ಕಳಿಸಿದ್ದರು. ಇನ್ನೊಬ್ಬ ಕಣ್ಣು ಕಾಣದಿದ್ದರೂ ತನ್ನ ಆಳಿನ ಕೈ ಹಿಡಿಸಿಕೊಂಡು ಯುದ್ಧಕ್ಕೆ ಹೋಗಿ ಸತ್ತ. ಅರಿಸ್ಟೊಡೆಮಸ್ ಊರಿಗೆ ಬಂದ.

ಊರಲ್ಲಿ ಏನಾಯ್ತು ಗೊತ್ತಾ? ಒಲೆ ಹಚ್ಚೋಕೆ ಬೆಂಕಿ ಕೇಳಿದರೆ ಒಬ್ಬರೂ ಕೊಡಲಿಲ್ಲ. ಯಾರೂ ಮಾತಾಡಿಸಲಿಲ್ಲ. ‘ನಡುಗುವವನು’ ಅಂತ ಹೆಸರಿಟ್ಟರು. ಮರುವರ್ಷ ಪ್ಲಾಟಿಯಾದಲ್ಲಿ ಅವನು ಸಾಲು ಬಿಟ್ಟು ಮುಂದೆ ನುಗ್ಗಿ, ಹುಚ್ಚನ ಹಾಗೆ ಹೋರಾಡಿ ಸತ್ತ. ಎಲ್ಲರಿಗಿಂತ ಚೆನ್ನಾಗಿ ಹೋರಾಡಿದವನು ಅವನೇ ಅಂತ ಹೆರೊಡೋಟಸ್ ಅಭಿಪ್ರಾಯ. ಸ್ಪಾರ್ಟನ್ನರು ಆಗಲೂ ಗೌರವ ಕೊಡಲಿಲ್ಲ. ಸಾಯಬೇಕು ಅಂತಲೇ ಹೋದವನಿಗೆ ಯಾವ ಗೌರವ ಅಂದರು.

ಸಿನಿಮಾ ಇವನನ್ನೇ ಊರಿನ ಹೆಮ್ಮೆಯ ಕಥೆಗಾರ ಮಾಡಿ ಕೂರಿಸಿದೆ. ಡಿಲಿಯೊಸ್ ಸುತ್ತ ಕೂತ ಸೈನಿಕರು ನಿಜಕ್ಕೂ ಅವನ ಮುಖ ನೋಡ್ತಿರಲಿಲ್ಲ. ಇದೇ ನನಗೆ ಬೇಕಿದ್ದ ಸಿನಿಮಾ. ಯಾರೂ ಮಾತಾಡಿಸದ ಮನುಷ್ಯ ಆ 300 ಜನರ ಕಥೆ ಹೇಳಬೇಕು. ಆಗ ಉತ್ಪ್ರೇಕ್ಷೆಗೆ ಕಾರಣವೂ ಸಿಕ್ಕುತ್ತಿತ್ತು, ಸ್ಪಾರ್ಟಾ ಎಂಥ ಊರು ಅಂತಲೂ ಕಾಣುತ್ತಿತ್ತು.

ಚೌಕಿ ಬಾಗಿಲು:

ಇದು ಒಳ್ಳೇ ಪ್ರಸಂಗ ಮಾರಾಯ್ರೆ. ಕರುಣ ರಸ, ವೀರ ರಸ ಎರಡೂ ಉಂಟು. ಯಾರಾದರೂ ಬರೆಯಿರಿ.

ಬರ್ಲಿನ್ ಕನ್ನಡತಿ:

ಹುಡುಗನ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ. ಹೊಲದಲ್ಲಿ ದುಡಿಯುತ್ತಿದ್ದವರು ಹೆಲಟರು. ಸ್ಪಾರ್ಟಾ ಗೆದ್ದುಕೊಂಡ ಜನ, ಅವರದ್ದೇ ನೆಲದಲ್ಲಿ ಜೀತಕ್ಕಿದ್ದವರು. ಸ್ಪಾರ್ಟಾದ ಗಂಡಸರು ದಿನವಿಡೀ ಕಸರತ್ತು ಮಾಡೋಕೆ ಪುರುಸೊತ್ತು ಸಿಕ್ಕಿದ್ದೇ ಅವರಿಂದ. ಸಿನಿಮಾದಲ್ಲಿ ಒಬ್ಬ ಹೆಲಟನೂ ಇಲ್ಲ. ಗುಲಾಮರು, ಚಾಟಿ ಎಲ್ಲ ಪರ್ಷಿಯಾ ಕಡೆಗೆ ಮಾತ್ರ.

ಹೆರೊಡೋಟಸ್ ಅಭಿಮಾನಿ:

ಹೌದು. ಕೊನೇ ದೃಶ್ಯದಲ್ಲಿ ಡಿಲಿಯೊಸ್ ಪ್ಲಾಟಿಯಾದಲ್ಲಿ ನಿಂತು 10,000 ಸ್ಪಾರ್ಟನ್ನರು, 30,000 ಸ್ವತಂತ್ರ ಗ್ರೀಕರು ಅಂತ ಗುಡುಗುತ್ತಾನೆ. ಹೆರೊಡೋಟಸ್ ಲೆಕ್ಕದಲ್ಲಿ ಅಲ್ಲಿದ್ದ ಸ್ಪಾರ್ಟಾ ಊರಿನ ಗಂಡಸರು 5000. ಒಬ್ಬೊಬ್ಬರಿಗೆ ಏಳು ಹೆಲಟರಂತೆ 35,000 ಹೆಲಟರು. ಥರ್ಮೊಪಿಲೆಯ ಹೆಣಗಳಲ್ಲೂ ಹೆಲಟರು ಇದ್ದರು.

ಬೆಳಗಿನ ಶೋ:

ಸಿನಿಮಾನ ಪೋಸ್ಟ್ ಮಾರ್ಟಂ ಮಾಡಿಬಿಟ್ರಿ. ಆದರೂ ‘ಬಾಣಗಳಿಂದ ಸೂರ್ಯ ಕಾಣಲ್ಲ’ ಅಂದಾಗ ‘ನೆರಳಲ್ಲಿ ಹೋರಾಡ್ತೀವಿ’ ಅನ್ನೋ ಡೈಲಾಗ್ ಇದೆಯಲ್ಲ, ಅದು ಬರೆದವನಿಗೆ ಸೆಲ್ಯೂಟ್.

ಹೆರೊಡೋಟಸ್ ಅಭಿಮಾನಿ:

ಅದು ಸಿನಿಮಾದವರು ಬರೆದದ್ದಲ್ಲ. ಡಿಯೆನೆಕಿಸ್ ಅನ್ನೋ ಸ್ಪಾರ್ಟನ್ ಹೇಳಿದ್ದು ಅಂತ ಹೆರೊಡೋಟಸ್‌ನಲ್ಲೇ ಇದೆ. ಸಿನಿಮಾದ ಒಳ್ಳೇ ಡೈಲಾಗ್‌ಗಳಲ್ಲಿ ಕೆಲವು ಎರಡು ಸಾವಿರ ವರ್ಷ ಹಳೆಯವು.

ಊರು ಸುತ್ತೋನು:

ತಡವಾಗಿ ಬಂದೆ. ಥರ್ಮೊಪಿಲೆಗೆ ಹೋಗಿದ್ದೆ, ಅಥೆನ್ಸ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಹೋಗುವಾಗ. ಸಿನಿಮಾದ ಬಂಡೆ ಅಂಚು ಹುಡುಕಿಕೊಂಡು ಹೋದರೆ ಸುಸ್ತಾಗ್ತೀರಿ. ಸಮುದ್ರವೇ ಇಲ್ಲ! ನದಿ ತಂದು ಹಾಕಿದ ಹೂಳಿನಿಂದ ಸಮುದ್ರ ಕೆಲವು ಕಿಲೋಮೀಟರ್ ಆಚೆ ಹೋಗಿದೆ. ಈಗ ಅಲ್ಲಿ ಬಯಲು, ಹೊಲ, ಹೆದ್ದಾರಿ. ಲಾರಿಗಳು ಬರ್ರ್ ಅಂತ ಹೋಗ್ತಿರುತ್ತವೆ. ರಸ್ತೆ ಪಕ್ಕ ಲಿಯೊನಿಡಾಸ್‌ನ ಕಂಚಿನ ಪ್ರತಿಮೆ, 1955ರದ್ದು. ಜನ ಅದರ ಮುಂದೆ ಗುರಾಣಿ ಹಿಡಿದವರ ಥರ ಪೋಸ್ ಕೊಡ್ತಾರೆ. ನಾನೂ ಕೊಟ್ಟೆ. ಪಕ್ಕದಲ್ಲೇ ಥೆಸ್ಪಿಯೆಯವರಿಗೂ ಒಂದು ಸ್ಮಾರಕ ಇದೆ, 1997ರಲ್ಲಿ ಇಟ್ಟದ್ದು. ಅದರ ಮುಂದೆ ಯಾರೂ ನಿಲ್ಲಲ್ಲ.

ರಸ್ತೆ ದಾಟಿದರೆ ಸಣ್ಣ ದಿಬ್ಬ. ಕೊನೆಯವರು ಸತ್ತದ್ದು ಅಲ್ಲೇ ಅಂತಾರೆ. 1939ರಲ್ಲಿ ಅಲ್ಲಿ ಅಗೆದಾಗ ರಾಶಿ ಬಾಣದ ಮೊನೆ ಸಿಕ್ಕಿವೆ, ಕೆಲವನ್ನು ಅಥೆನ್ಸ್ ಮ್ಯೂಸಿಯಂನಲ್ಲಿ ನೋಡಬಹುದು. ಬೆರಳಿನ ಗೆಣ್ಣಿನಷ್ಟು ಚಿಕ್ಕವು. ಸ್ವಲ್ಪ ಮುಂದೆ ಗಂಧಕದ ಬಿಸಿನೀರು ಹರಿಯುತ್ತೆ, ಕೊಳೆತ ಮೊಟ್ಟೆ ವಾಸನೆ. ಜನ ಅದರಲ್ಲೇ ಆರಾಮಾಗಿ ಸ್ನಾನ ಮಾಡ್ತಾರೆ.

ಕೊನೇ ಸಾಲಿನ ಪ್ರೇಕ್ಷಕ:

ಎರಡನೇ ಭಾಗ ನೋಡಬಹುದಾ? 2014ರದ್ದು.

ಓದೋ ಹುಚ್ಚಿ:

ಈವಾ ಗ್ರೀನ್‌ಗೋಸ್ಕರ ನೋಡಬಹುದು. ಆರ್ಟೆಮಿಸಿಯಾ ಪಾತ್ರ. ನಿಜವಾದ ಆರ್ಟೆಮಿಸಿಯಾ ಹಲಿಕಾರ್ನಸಸ್‌ನ ರಾಣಿ. ಸಲಾಮಿಸ್‌ನಲ್ಲಿ ಸಮುದ್ರದ ಯುದ್ಧ ಬೇಡ ಅಂತ ಕ್ಸೆರ್ಕ್ಸಿಸ್‌ಗೆ ಬುದ್ಧಿ ಹೇಳಿದವಳು. ಅವನು ಕೇಳಲಿಲ್ಲ, ಸೋತ. ಅವಳು ಬದುಕಿ ವಾಪಸ್ ಹೋದಳು. ಸಿನಿಮಾದಲ್ಲಿ ಸಾಯಿಸಿದ್ದಾರೆ. ಯಥಾಪ್ರಕಾರ.

ಕೊನೇ ಸಾಲಿನ ಪ್ರೇಕ್ಷಕ:

ಹೆರೊಡೋಟಸ್ ಎಲ್ಲಿಂದ ಶುರು ಮಾಡಲಿ? ಪೂರ್ತಿ ಓದೋ ತಾಳ್ಮೆ ನನಗಿಲ್ಲ.

ಹೆರೊಡೋಟಸ್ ಅಭಿಮಾನಿ:

ಏಳನೇ ಪುಸ್ತಕ ತಗೊಳ್ಳಿ. ಥರ್ಮೊಪಿಲೆ ಅದರ ಕೊನೇ ಭಾಗದಲ್ಲಿದೆ, ಒಂದು ಸಂಜೆಗೆ ಮುಗಿಯುತ್ತೆ. ಸೈನ್ಯದ ಪಟ್ಟಿ ಬೋರ್ ಅನಿಸಿದರೆ ಹಾರಿಸಿ, ಆದರೆ ಹತ್ತಿ ಬಟ್ಟೆಯವರನ್ನು ಮಾತ್ರ ಹಾರಿಸಬೇಡಿ.